ಸೂರ್ಯ ಮುಳುಗುವ ಮೊದಲಿನ ಗುಳಿಗೆ

ಮೊದಲು ಭಾರವಾದದ್ದು ಎಡಗೈ.

ನಾನಾಗ ಗಿರಣಿಯಲ್ಲಿದ್ದೆ. ಬೆಲ್ಲದ ಬಾಗೇವಾಡಿಯಲ್ಲಿ ನಮ್ಮ ಮನೆಯ ಮುಂಭಾಗದಲ್ಲೇ ಹಿಟ್ಟಿನ ಗಿರಣಿ ಇದೆ. ನಮ್ಮವರು ಹೊಲ ನೋಡಿಕೊಂಡರೆ ಗಿರಣಿ ನೋಡಿಕೊಳ್ಳುವವಳು ನಾನು. ಆಗೆಲ್ಲ ತ್ರೀ ಫೇಸ್ ಕರೆಂಟು ದಿನಕ್ಕೆ ಕೆಲವೇ ತಾಸು ಬರುತ್ತಿತ್ತು. ಅದು ಬಂತೆಂದರೆ ಓಣಿಯ ಹೆಂಗಸರೆಲ್ಲ ಜೋಳದ ಡಬ್ಬಿ ಹೊತ್ತು ಬಾಗಿಲಿಗೆ ಬರುತ್ತಿದ್ದರು. ಡಬ್ಬಿ ಎತ್ತಿ ಗಿರಣಿಯ ಬಾಯಿಗೆ ಸುರಿಯುವಾಗ ಕೈ ಕಲ್ಲಿನಂತಾಯಿತು. ಹಿಂದೆಯೇ ಎದೆಯ ಮೇಲೆ ಯಾರೋ ಮೊಣಕಾಲೂರಿ ಕೂತ ಹಾಗೆ. ಪಿತ್ತ ಇರಬೇಕು ಎಂದುಕೊಂಡೆ. ಬೆವರು ಸೆರಗಿಗೆ ಒರೆಸಿಕೊಂಡು ಇನ್ನೂ ನಾಲ್ಕು ಡಬ್ಬಿ ಬೀಸಿದೆ. ಕರೆಂಟು ಹೋದರೆ ಮತ್ತೆ ಯಾವಾಗಲೋ ಎಂಬ ಭಯ ಎದೆನೋವಿಗಿಂತ ದೊಡ್ಡದಿತ್ತು.

ಐದನೆಯ ಡಬ್ಬಿ ಎತ್ತಲಾಗಲಿಲ್ಲ.

ಹುಕ್ಕೇರಿಯಲ್ಲಿ ಇಸಿಜಿ ತೆಗೆದರು. ಅಲ್ಲಿಂದ ನೇರ ಗೋಕಾಕಕ್ಕೆ ಕಳಿಸಿದರು. ಖಾಸಗಿ ಆಸ್ಪತ್ರೆಯ ದೊಡ್ಡ ಡಾಕ್ಟರು ಕಾಗದದ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ, ನನಗಲ್ಲ, ನಮ್ಮವರಿಗೆ ಹೇಳಿದರು. "ಅಟ್ಯಾಕ್ ಆಗೇತ್ರಿ."

ನನಗೆ ಐವತ್ನಾಲ್ಕು ವಯಸ್ಸು. ಎದೆ ನನ್ನದು. ಸುದ್ದಿ ಮಾತ್ರ ಗಂಡನಿಗೆ. ಆ ಸಿಟ್ಟಿನಲ್ಲೇ ನಾನು ಬದುಕಿಕೊಂಡೆ ಎಂದು ನಮ್ಮವರು ಇಂದಿಗೂ ಚಾಷ್ಟಿ ಮಾಡಿ ನಗುತ್ತಾರೆ.

ಐದು ದಿನ ಐಸಿಯುದಲ್ಲಿದ್ದೆ. ಎರಡನೆಯ ದಿನ ಸಂಜೆ ನರ್ಸ್ ಒಂದು ಚಿಕ್ಕ ಬಟ್ಟಲಲ್ಲಿ ಎರಡು ಗುಳಿಗೆ, ಒಂದು ಲೋಟ ನೀರು ತಂದಳು. ಕಿಟಕಿಯ ಹೊರಗೆ ಕತ್ತಲಾಗಿತ್ತು. ನಾನು ಬಾಯಿ ತೆರೆಯಲಿಲ್ಲ.

ಇಲ್ಲಿ ಒಂದು ಮಾತು ಹೇಳಬೇಕು. ನಾವು ಜೈನರು. ನಮ್ಮವರು ಹೆಸರಿಗೆ ಜೈನರು. ಸಂತೆಗೆ ಹೋದರೆ ರಾತ್ರಿ ಎಂಟಕ್ಕೂ ಬಸ್ ಸ್ಟ್ಯಾಂಡಿನಲ್ಲಿ ಭಜಿ ತಿಂದು ಬಾಯಿ ಒರೆಸಿಕೊಂಡು ಬರುವವರು. ನಾನು ಹಾಗಲ್ಲ. ಮೂವತ್ತೆರಡನೆಯ ವಯಸ್ಸಿನಲ್ಲಿ, ಊರಿಗೆ ಬಂದ ಮುನಿಗಳ ಮುಂದೆ ಕೈಮುಗಿದು ನಿಯಮ ತೆಗೆದುಕೊಂಡೆ. ಸೂರ್ಯ ಮುಳುಗಿದ ಮೇಲೆ, ಮತ್ತೆ ಹುಟ್ಟುವ ತನಕ, ಬಾಯಿಗೆ ಏನೂ ಇಲ್ಲ. ನೀರೂ ಇಲ್ಲ. ಅಷ್ಟಮಿ ಮತ್ತು ಚತುರ್ದಶಿ, ಅಂದರೆ ತಿಂಗಳಿಗೆ ನಾಲ್ಕು ದಿನ, ಏಕಭುಕ್ತ. ಮಧ್ಯಾಹ್ನ ಒಮ್ಮೆ ಕೂತು ಉಂಡು ನೀರು ಕುಡಿದು ಎದ್ದರೆ ಮುಗಿಯಿತು, ಮತ್ತೆ ಮರುದಿನವೇ.

ಹಾಗೆ ಮಾಡೆಂದು ಯಾರೂ ನನಗೆ ಹೇಳಿರಲಿಲ್ಲ. ಅತ್ತೆ ಬೇಡ ಅಂದಿದ್ದರು. ಹದಿನಾರಕ್ಕೆ ಮದುವೆ. ಯಾರನ್ನು, ಯಾವಾಗ, ಯಾವ ಊರಿಗೆ, ಎಷ್ಟು ಮಕ್ಕಳು, ಯಾವ ಸೀರೆ, ಎಲ್ಲವನ್ನೂ ಬೇರೆಯವರು ನಿಶ್ಚಯಿಸಿದ್ದರು. ಈ ನಿಯಮ ಒಂದೇ ನಾನು ನಾನಾಗಿಯೇ ತೆಗೆದುಕೊಂಡದ್ದು. ಇಪ್ಪತ್ತೆರಡು ವರ್ಷ ಅದನ್ನು ಒಂದು ದಿನವೂ ಬಿಟ್ಟಿರಲಿಲ್ಲ. ಹೆರಿಗೆಯಾದ ಸೊಸೆಯ ಸೇವೆಯಲ್ಲಿ, ಅತ್ತೆ ತೀರಿಕೊಂಡ ದಿನಗಳಲ್ಲಿ, ಜ್ವರದಲ್ಲಿ, ಎಲ್ಲೂ ಬಿಟ್ಟಿರಲಿಲ್ಲ. ಐಸಿಯು ಹಾಸಿಗೆಯ ಮೇಲೆ ಎದೆಗೆಲ್ಲ ವೈರು ಅಂಟಿಸಿಕೊಂಡು ಮಲಗಿದಾಗ ನನ್ನದು ಅಂತ ಉಳಿದದ್ದು ಅದೊಂದೇ ಅನ್ನಿಸಿತು.

ದೊಡ್ಡ ಡಾಕ್ಟರು ಬಂದರು. "ಅಮ್ಮಾ, ಇದೇನ ಊಟ ಅಲ್ರಿ. ಔಷಧ."

"ನನ್ನ ನಿಯಮದಾಗ ಔಷಧಕ್ಕ ಬ್ಯಾರೆ ಬಾಗಲಾ ಇಟ್ಟಿಲ್ರಿ ಸಾಹೇಬ್ರ."

ಅವರು ನಮ್ಮವರ ಕಡೆ ನೋಡಿದರು. ನಮ್ಮವರು ಮೇಲೆ ತಿರುಗುವ ಫ್ಯಾನು ನೋಡಿದರು. "ಗಿಡಾಗಿ ಬಗ್ಗಲಿಲ್ಲ, ಮರಾಗಿ ಬಗ್ಗತಾಳೇನ್ರಿ?" ಅಂದರು.

"ಹಂಗಾರ ಹೊತ್ತು ಮುಳುಗೂದ್ರಾಗ ತೊಗೋರಿ. ಬಿಡಬ್ಯಾಡ್ರಿ ಮಾತ್ರ," ಎಂದು ಹೇಳಿ ಡಾಕ್ಟರು ಮುಂದಿನ ಹಾಸಿಗೆಗೆ ಹೋದರು.

ಇದರಲ್ಲಿ ತಪ್ಪು ಯಾರದು ಎಂದು ಈಗ ಯೋಚಿಸುತ್ತೇನೆ. ಅವರು ಸಂಜೆ ಆರು ಗಂಟೆ ಎಂದುಕೊಂಡರು. ತಿಂಗಳಲ್ಲಿ ನಾಲ್ಕು ದಿನ ನನಗೆ ಸಂಜೆಯ ಊಟವೇ ಇಲ್ಲವೆಂದು ಅವರಿಗೆ ತಿಳಿಯುವುದಾದರೂ ಹೇಗೆ? ನಾನು ಹೇಳಲಿಲ್ಲ. ಅವರು ಕೇಳಲಿಲ್ಲ.

ಮನೆಗೆ ಬಂದೆ. ಎರಡು ತರಹದ ಗುಳಿಗೆ, ಮುಂಜಾನೆ ಎರಡು, ಸಂಜೆ ಎರಡು. ಮತ್ತೊಂದು ಚಿಕ್ಕ ಬಾಟಲಿ: ಎದೆ ನೋವು ಬಂದರೆ ನಾಲಿಗೆಯ ಕೆಳಗೆ ಇಟ್ಟುಕೊಳ್ಳುವ ಗುಳಿಗೆ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಷ್ಯ ಅನ್ನುತ್ತಾರಲ್ಲ, ನಾನೂ ಹಾಗೇ ಧೈರ್ಯ ಮಾಡಿದೆ. ಎರಡು ತಿಂಗಳಾದ ಮೇಲೆ ಗಿರಣಿಯ ಬಾಗಿಲಲ್ಲಿ ಕುರ್ಚಿ ಹಾಕಿ ಕೂತೆ. ಡಬ್ಬಿ ಎತ್ತುವ ಕೆಲಸ ಸೊಸೆ ಸುಜಾತಾ ಮಾಡಿದಳು, ಬೈಯುವ ಕೆಲಸ ನಾನು ಇಟ್ಟುಕೊಂಡೆ.

ಆಮೇಲೆ ಒಂದು ಚತುರ್ದಶಿಯ ದಿನ, ಮಧ್ಯಾಹ್ನದ ಊಟ ಮುಗಿಸಿ ತಾಸಾಗಿರಲಿಲ್ಲ, ಕುರ್ಚಿಯಿಂದ ಏಳಲು ಹೋದೆ. ಕಣ್ಣಿಗೆ ಕತ್ತಲೆ ಕಟ್ಟಿತು. ಎಚ್ಚರವಾದಾಗ ಹೊಸ್ತಿಲ ಮೇಲೆ ಬಿದ್ದಿದ್ದೆ. ಹಣೆಯಲ್ಲಿ ರಕ್ತ, ಸುತ್ತ ಅರ್ಧ ಓಣಿ.

ತೀರ್ಪು ಅಲ್ಲೇ ಆಯಿತು. ಉಪವಾಸದಿಂದ ಹೀಗಾಯಿತು. ಹುಕ್ಕೇರಿಯಲ್ಲಿ ಅಂಗಡಿ ಇಟ್ಟಿರುವ ಮಗ ಓಡಿ ಬಂದು ಅದನ್ನೇ ಅಂದ. ನಮ್ಮವರೂ ಅಂದರು. ಬಾಜೂ ಮನೆಯ ಚಂಪಕ್ಕ ಮಾತ್ರ ಬೇರೆ ಹೇಳಿದಳು. ಚಂಪಕ್ಕ ನಮ್ಮವರ ಅಕ್ಕ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವಳು, ನಿಯಮದಲ್ಲಿ ನನಗಿಂತ ಹತ್ತು ಹೆಜ್ಜೆ ಮುಂದೆ. "ಮನಸ್ನ್ಯಾಗ ಏನರ ಕೊರತಿ ಇದ್ರ ಉಪಾಸ ಹತ್ತೂದಿಲ್ಲ ಪದ್ಮಾ," ಅಂದಳು. ಹಣೆಯ ಗಾಯಕ್ಕೆ ಅರಿಶಿನ ಹಚ್ಚಿದ್ದೂ ಅವಳೇ. ಅರಿಶಿನಕ್ಕಿಂತ ಮಾತೇ ಹೆಚ್ಚು ಉರಿಯಿತು.

ನಾನು ಬಿಡಲಿಲ್ಲ. ಎಲ್ಲರೂ ಒಂದೇ ಕಡೆ ಎಳೆಯುವಾಗ ನಾನು ಇನ್ನೊಂದು ಕಡೆ ಎಳೆಯುವವಳು, ಅದು ನನ್ನ ಹುಟ್ಟುಗುಣ. ಮುಂದಿನ ಅಷ್ಟಮಿಗೂ ಏಕಭುಕ್ತ ಮಾಡಿದೆ. ಮತ್ತೆ ತಲೆ ತಿರುಗಿತು, ಯಾರಿಗೂ ಹೇಳದೆ ಗೋಡೆ ಹಿಡಿದು ಕೂತೆ. ಮರುದಿನ ನಸುಕಿನಲ್ಲಿ ಎದೆ ಹಿಡಿಯಿತು. ಅದನ್ನೂ ಹೇಳುತ್ತಿರಲಿಲ್ಲ, ಆದರೆ ಸುಜಾತಾಳ ಕಣ್ಣು ತಪ್ಪಿಸುವುದು ಕಷ್ಟ. ಅವಳು ನನ್ನ ಮುಖ ನೋಡಿದಳು, ಒಳಗೆ ಹೋಗಿ ಗೋಡೆಯ ಪಂಚಾಂಗದ ಕ್ಯಾಲೆಂಡರಿನ ಮೇಲೆ ಪೆನ್ಸಿಲಿನಿಂದ ಒಂದು ಗುಣಾಕಾರದ ಗುರುತು ಹಾಕಿದಳು. ಡಾಕ್ಟರಿಗೆ ತೋರಿಸಬೇಕು ಅಂದಳು. ನನಗೆ ನಗು ಬಂತು. ಅತ್ತೆಯ ತಪ್ಪು ಬರೆದಿಡುವ ಸೊಸೆ ಎಂದು ಗೇಲಿ ಮಾಡಿದೆ.

ಚಳಿಗಾಲ ಬಂತು. ಒಂದು ಮುಂಜಾನೆ, ಆರಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು, ಹಾಸಿಗೆಯಿಂದ ಎದ್ದು ಬಚ್ಚಲಿನ ಒಲೆಗೆ ಉರಿ ಹಚ್ಚಲು ಕೂತೆ. ಹಿಂದಿನ ದಿನ ಚತುರ್ದಶಿ.

ಈ ಸಲ ಮೊಣಕಾಲಲ್ಲ, ಇಡೀ ಮನುಷ್ಯನೇ ಎದೆಯ ಮೇಲೆ ಕೂತ.

ನಮ್ಮವರು ಚಿಕ್ಕ ಬಾಟಲಿ ಹಿಡಿದು ಓಡಿ ಬಂದರು. ಗುಳಿಗೆಯನ್ನು ತುಟಿಯ ಹತ್ತಿರ ತಂದರು. ನಾನು ಹಲ್ಲು ಕಚ್ಚಿದೆ.

"ಬಾಯಿ ತಗಿ."

ತಲೆ ಅಲ್ಲಾಡಿಸಿದೆ. ಹೊತ್ತು ಹುಟ್ಟಲು ಇನ್ನೂ ಒಂದು ತಾಸು ಬೇಕಿತ್ತು.

"ಪದ್ಮಾ, ನಿನ್ನ ಕಾಲಿಗಿ ಬೀಳ್ತೇನಿ. ನುಂಗೂದಲ್ಲ, ನೀರು ಕುಡಿಯೂದಲ್ಲ. ನಾಲಿಗಿ ಬುಡಕ ಇಡೂದು ಅಷ್ಟ."

ಮೂವತ್ತೆಂಟು ವರ್ಷದ ಸಂಸಾರದಲ್ಲಿ ಆ ಮನುಷ್ಯ ಹಾಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಆದರೂ ಬಾಯಿ ತೆರೆಯಲಿಲ್ಲ. ಸುಜಾತಾ ಅಳುತ್ತಲೇ ಜೀಪಿಗೆ ಹೇಳಿ ಬಂದಳು. ನನ್ನನ್ನು ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿದರು. ಘಟಪ್ರಭಾ ಹತ್ತಿರ ಬಂದಾಗ ಮುಂದೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು. ಕಾರ್ಖಾನೆಯ ಹಂಗಾಮು, ರಸ್ತೆಯೆಲ್ಲ ಅವುಗಳದೇ. ಡ್ರೈವರ್ ಹಾರ್ನ್ ಒತ್ತುತ್ತಲೇ ಇದ್ದ. ನಮ್ಮವರು ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಗುಳಿಗೆಯನ್ನು ಬೆರಳ ತುದಿಯಲ್ಲಿ ಹಿಡಿದು, ಕಿಟಕಿಯಾಚೆ ಪೂರ್ವದ ಕಡೆ ನೋಡುತ್ತಾ ಕೂತಿದ್ದರು.

ಸೂರ್ಯ ಬಂದ. ನಾನು ಬಾಯಿ ತೆರೆದೆ.

"ನನ್ನ ಜೀವಮಾನದಾಗ ಮೊದಲನೇ ಸಲ ಸೂರ್ಯಗ ಖರೇನ ಕೈ ಮುಗದೆ ನೋಡು," ಎಂದು ಅವರು ಆಮೇಲೆ ಹೇಳಿದರು. ಹೇಳುವಾಗ ನಗಲು ನೋಡಿದರು, ಆಗಲಿಲ್ಲ.

ಗೋಕಾಕದಲ್ಲಿ ಎಕೋ, ಅಂದರೆ ಎದೆಯ ಸ್ಕ್ಯಾನಿಂಗ್, ಮಾಡಿದರು. ಮೊದಲು ಪೆಟ್ಟು ತಿಂದ ಜಾಗದ ಪಕ್ಕದಲ್ಲಿ ಇನ್ನೊಂದು ಭಾಗವೂ ಸೋತಿದೆ ಅಂದರು. ಸೋತ ಭಾಗ ಮತ್ತೆ ಮೊದಲಿನಂತೆ ಆಗುವುದಿಲ್ಲವಂತೆ. ಅಂದರೆ ಆ ಒಂದು ತಾಸಿನ ಬೆಲೆಯನ್ನು ನಾನು ಇನ್ನು ಮೆಟ್ಟಿಲು ಹತ್ತುವಾಗೆಲ್ಲ ಕೊಡಬೇಕು. ಕೊಡುತ್ತಿದ್ದೇನೆ.

ಆ ದಿನ ಮಧ್ಯಾಹ್ನ ಡ್ಯೂಟಿ ಡಾಕ್ಟರ್ ಬಂದಳು. ಮೂಡಲಗಿ ಕಡೆಯ ಹುಡುಗಿ, ನನ್ನ ಸುಜಾತಾಳ ವಯಸ್ಸು. ಬೈಯಲಿಲ್ಲ. ಸ್ಟೂಲು ಎಳೆದುಕೊಂಡು ಕೂತಳು.

"ನಿನ್ನೆ ಗುಳಿಗಿ ತೊಗೊಂಡಿದ್ರೇನ್ರಿ ಅಮ್ಮಾರ?"

"ನಾಕೂ ತೊಗೊಂಡೇನಿ. ಒಂದೂ ಬಿಟ್ಟಿಲ್ಲ."

"ಎಷ್ಟ ಗಂಟೇಕ?"

ಅಷ್ಟು ತಿಂಗಳಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ತೊಗೊಂಡಿಯಾ ಎಂದು ಕೇಳಿದವರು ನೂರು ಮಂದಿ.

"ಹನ್ನೆರಡಕ್ಕ. ಊಟದ ಸಂಗಾಟ."

"ನಾಕೂ?"

"ನಾಕೂ. ನಿನ್ನೆ ಚತುರ್ದಶಿ ಇತ್ತಲ್ಲ, ಒಂದ ಊಟ. ದಿನದ ಗುಳಿಗಿ ದಿನದಾಗ ಹೊಟ್ಟಿಗೆ ಹೋದ್ರ ಆತಿಲ್ಲೋ?"

ಅವಳು ಕೇಸ್ ಪೇಪರಿನ ಮೇಲೆ ಪೆನ್ನಿಟ್ಟು ನಿಧಾನವಾಗಿ ಹೇಳಿದಳು.

"ಮುಂಜಾನಿ ಗುಳಿಗಿ ಸಂಜೀತನಕ ಕಾವಲಾ ಕಾಯ್ತೈತ್ರಿ. ಸಂಜೀದು ಮುಂಜಾನಿತನಕ. ನೀವು ಇಬ್ರನ್ನೂ ಮಧ್ಯಾಹ್ನ ಒಮ್ಮೆಲೆ ಕಾವಲಿಗಿ ನಿಲ್ಲಿಸಿದ್ರಿ. ಅದಕ್ಕ ಬಿಪಿ ಒಮ್ಮೆಲೆ ಇಳದು ಚಕ್ಕರ ಬಂತು. ಕಡೀಕ ಇಬ್ರೂ ಕೂಡೇ ಮನಿಗಿ ಹೋದ್ರು. ನಸಿಕಿನ್ಯಾಗ ನಾವು ಏಳೂ ಹೊತ್ತಿಗೆ ಬಿಪಿ ತಾನ ಏರತೈತಿ, ಹಾರ್ಟಿಗೆ ಭಾಳ ತ್ರಾಸ ಆಗೂ ಹೊತ್ತು ಅದ. ಆ ಹೊತ್ತಿನ್ಯಾಗ ನಿಮ್ಮ ಬಾಗಲದಾಗ ಯಾರೂ ಇರಲಿಲ್ಲ."

ನಾನು ತಲೆ ತಗ್ಗಿಸಿದೆ. ನಾನು ತಲೆ ತಗ್ಗಿಸುವುದು ಅಪರೂಪ.

ಮನೆಗೆ ಬಂದ ದಿನವೇ ಸುಜಾತಾ ಗೋಡೆಯ ಕ್ಯಾಲೆಂಡರ್ ಬಿಚ್ಚಿ ನನ್ನ ಮುಂದೆ ಹರಡಿದಳು. ಅಷ್ಟಮಿ, ಚತುರ್ದಶಿಗಳಿಗೆ ವರ್ಷದ ಮೊದಲಲ್ಲೇ ನಾನು ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿಟ್ಟಿರುತ್ತೇನೆ. ಅವಳ ಪೆನ್ಸಿಲ್ ಗುರುತುಗಳು ಆ ಸುತ್ತುಗಳ ಒಳಗೆ, ಇಲ್ಲವೇ ಅದರ ಮರುದಿನದ ಮನೆಯಲ್ಲಿ. ಬೇರೆಲ್ಲೂ ಇಲ್ಲ. ಉಳಿದ ದಿನಗಳಲ್ಲಿ ನಾನು ಸಂಜೆ ಐದೂವರೆಗೆ ಉಂಡು ಗುಳಿಗೆ ನುಂಗುತ್ತಿದ್ದೆ. ಆ ದಿನಗಳೆಲ್ಲ ಖಾಲಿ, ಸ್ವಚ್ಛ.

ನನಗೆ ಭಯವಾಗಲಿಲ್ಲ, ಖುಷಿಯಾಯಿತು. ನನ್ನ ಉಪವಾಸ ತಪ್ಪಲ್ಲ. ನನ್ನ ಮನಸ್ಸಿನ ಕೊರತೆಯೂ ಅಲ್ಲ. ಗುಳಿಗೆಯ ಹೊತ್ತು ತಪ್ಪಿತ್ತು, ಅಷ್ಟೇ. ಅಷ್ಟೇ ಅನ್ನುವಾಗ ಎದೆಯ ಒಂದು ಭಾಗ ಹೋಗಿದೆ ಎಂಬುದೂ ನೆನಪಿದೆ. ಆದರೂ ಆ ಕ್ಯಾಲೆಂಡರಿನ ಮುಂದೆ ನಾನು ಗೆದ್ದವಳ ಹಾಗೆ ಕೂತಿದ್ದೆ.

ಅದನ್ನೇ ಸುತ್ತಿ ಬಗಲಲ್ಲಿಟ್ಟುಕೊಂಡು ಗೋಕಾಕಕ್ಕೆ ಹೋದೆ. ದೊಡ್ಡ ಡಾಕ್ಟರ ಮೇಜಿನ ಮೇಲೆ ಬಿಡಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು ತಿಂಗಳು ತಿಂಗಳು ತಿರುವಿ ನೋಡಿದರು.

"ಉಪಾಸ ಬಿಟ್ಟಬಿಡ್ರಲ್ಲ. ದೇವರು ಏನ ಅಂತಾನ?"

"ದೇವರು ಏನೂ ಅನ್ನೂದಿಲ್ಲ. ನಾ ಅಂತೇನಿ. ಸಾಹೇಬ್ರ, ನನ್ನ ಸೂರ್ಯ ಸರಿಯೂದಿಲ್ಲ. ನಿಮ್ಮ ಗುಳಿಗಿ ಸರೀತಾವೇನ ನೋಡ್ರಿ."

ನಮ್ಮವರು ನನ್ನ ಸೆರಗು ಜಗ್ಗಿದರು. ಡಾಕ್ಟರು ಮಾತ್ರ ನಕ್ಕುಬಿಟ್ಟರು. ಡ್ಯೂಟಿ ಡಾಕ್ಟರನ್ನೂ ಕರೆಸಿದರು. ಇಬ್ಬರೂ ಇಂಗ್ಲಿಷಿನಲ್ಲಿ ಬಹಳ ಹೊತ್ತು ಮಾತಾಡಿಕೊಂಡರು. ಕೊನೆಗೆ ಚೀಟಿ ಬದಲಾಯಿತು. ಎರಡೂ ಗುಳಿಗೆ ದಿನಕ್ಕೆ ಒಂದೇ ಸಲ ನುಂಗುವಂಥವು, ಇಪ್ಪತ್ನಾಲ್ಕು ತಾಸು ಕಾಯುವಂಥವು. ಒಂದು ಮುಂಜಾನೆ ಎಂಟಕ್ಕೆ, ಇನ್ನೊಂದು ಸಂಜೆ ಐದೂವರೆಗೆ. ಚಳಿಗಾಲದ ಗಿಡ್ಡ ದಿನದಲ್ಲೂ ನಮ್ಮ ಕಡೆ ಐದೂವರೆಗೆ ಸೂರ್ಯ ಇರುತ್ತಾನೆ.

"ನಾವು ಸರದೀವ್ರಿ. ಈಗ ನೀವೂ ಸ್ವಲ್ಪ ಸರೀಬೇಕು," ಅಂದರು ಡಾಕ್ಟರು. "ಹುಣ್ಣಿವಿ ಇರಲಿ, ಅಮಾಸಿ ಇರಲಿ, ಚತುರ್ದಶಿ ಇರಲಿ, ಈ ಎರಡು ಹೊತ್ತು ತಪ್ಪಂಗಿಲ್ಲ. ಊಟ ಮಾಡಬ್ಯಾಡ್ರಿ, ಒಂದು ಗುಟುಕು ನೀರಾಗ ನುಂಗ್ರಿ. ಮತ್ತ ಆ ನಾಲಿಗಿ ಬುಡಕಿನ ಗುಳಿಗಿ, ಅದನ್ನ ತೊಗೊಳ್ಳಾಕ ಸೂರ್ಯನ್ನ ಕೇಳಬ್ಯಾಡ್ರಿ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುತ್ತಾರೆ. ಜೈನರ ಮನೆಯಲ್ಲಿ ಹಾವು ಸಾಯುವ ಮಾತೇ ಇಲ್ಲ. ಕೋಲಾದರೂ ಒಂದಿಷ್ಟು ಬಾಗಲಿ ಎಂದುಕೊಂಡೆ. ಏಕಭುಕ್ತದ ದಿನ ಎರಡು ಗುಟುಕು ನೀರು ಹೆಚ್ಚು ಕುಡಿಯಲು ಒಪ್ಪಿದೆ. ಮನಸ್ಸಿಗೆ ನೋವಾಯಿತು, ಸುಳ್ಳು ಹೇಳುವುದಿಲ್ಲ. ಇಪ್ಪತ್ತೆರಡು ವರ್ಷದ ಬಟ್ಟೆಗೆ ನನ್ನ ಕೈಯಿಂದಲೇ ತೇಪೆ ಹಾಕಿದ ಹಾಗಿತ್ತು.

ನಾಲಿಗೆಯ ಕೆಳಗಿನ ಗುಳಿಗೆಯ ಬಗ್ಗೆ ಮಾತ್ರ ಆಗಲಿ ಅನ್ನಲಿಲ್ಲ. ಅಲ್ಲೂ ಅನ್ನಲಿಲ್ಲ, ದಾರಿಯಲ್ಲೂ ಅನ್ನಲಿಲ್ಲ. ನಮ್ಮವರು ಎಂಟು ದಿನ ನನ್ನ ಕೂಡ ಸರಿಯಾಗಿ ಮಾತಾಡಲಿಲ್ಲ. ಮುಂಜಾನೆ ನನಗಿಂತ ಮೊದಲೇ ಎದ್ದು ನನ್ನ ಉಸಿರು ನೋಡುತ್ತಾ ಕೂತಿರುತ್ತಿದ್ದರು. ಕಣ್ಣು ತೆರೆದರೆ ಎದುರಿಗೆ ಅವರ ಮುಖ, ಮುಷ್ಟಿಯಲ್ಲಿ ಆ ಚಿಕ್ಕ ಬಾಟಲಿ. ಹಗಲೆಲ್ಲ ಹೊಲದಲ್ಲಿ ದುಡಿಯುವ ಮನುಷ್ಯ ನನ್ನನ್ನು ಕಾಯುತ್ತಾ ಸೊರಗಿಹೋದರು.

ಒಂಬತ್ತನೆಯ ದಿನ ನಾನು ನನ್ನನ್ನೇ ಕೇಳಿಕೊಂಡೆ. ಆ ಜೀಪಿನಲ್ಲಿ ಒಂದು ತಾಸು ಹಲ್ಲು ಕಚ್ಚಿ ಮಲಗಿದ್ದೆಯಲ್ಲ, ಆಗ ಒಂದು ಸಲವಾದರೂ ಣಮೋಕಾರ ಮಂತ್ರ ಹೇಳಿದೆಯಾ? ಇಲ್ಲ. ಭಗವಂತನ ನೆನಪಾಯಿತೇ? ಇಲ್ಲ. ನೆನಪಾದದ್ದು ಡಾಕ್ಟರು, ಮಗ, ಚಂಪಕ್ಕ, ಓಣಿ. ಇವರೆಲ್ಲರ ಮುಂದೆ ಸೋಲಬಾರದು ಎಂಬುದೊಂದೇ ಮನಸ್ಸಿನಲ್ಲಿತ್ತು. ಅದು ನಿಯಮವಲ್ಲ. ಹಟ. ನಿಯಮದ ಸೀರೆ ಉಟ್ಟುಕೊಂಡು ಬಂದ ಹಟ. ಗೊತ್ತಾದ ಮೇಲೆ ನಾಚಿಕೆಯಾಯಿತು. ನಮ್ಮವರ ಕೈಯಿಂದ ಬಾಟಲಿ ಇಸಿದುಕೊಂಡೆ.

"ಇದು ನನ್ನ ಹಂತೇಕ ಇರಲಿ. ನೀವು ನಿದ್ದಿ ಮಾಡ್ರಿ," ಅಂದೆ.

ಅವರು ಮಗ್ಗುಲಾಗಿ ಮಲಗಿದರು, ಎರಡೇ ನಿಮಿಷಕ್ಕೆ ಗೊರಕೆ.

ಆಮೇಲೆ ಬಹಳ ದಿನ ಅದರ ಅಗತ್ಯ ಬೀಳಲಿಲ್ಲ. ಎಂಟು, ಐದೂವರೆ, ಎಂಟು, ಐದೂವರೆ. ಬೇಸಿಗೆಯಲ್ಲಿ ಸೂರ್ಯ ಆರೂಮುಕ್ಕಾಲರ ತನಕ ಇರುತ್ತಾನೆ, ಆಗಲೂ ನಾನು ಐದೂವರೆ ದಾಟಿಸಲಿಲ್ಲ. ತಲೆ ತಿರುಗುವುದು ನಿಂತಿತು. ಸುಜಾತಾಳ ಪೆನ್ಸಿಲಿಗೆ ಕೆಲಸವಿಲ್ಲದಾಯಿತು. ಬಸದಿಯಲ್ಲಿ ಮಾತ್ರ ಗುಸುಗುಸು ಇತ್ತು. ಪದ್ಮಕ್ಕ ಏಕಭುಕ್ತದ ದಿನ ಮೂರು ಸಲ ನೀರು ಕುಡಿಯುತ್ತಾಳಂತೆ. ಚಂಪಕ್ಕ ಮುಖಕ್ಕೆ ಹೇಳಲಿಲ್ಲ, ಆದರೆ ಚತುರ್ದಶಿಯ ದಿನ ನನ್ನ ಜೊತೆ ಊಟಕ್ಕೆ ಕೂರುವುದನ್ನು ಬಿಟ್ಟಳು. ಅದು ನನಗೆ ಚುಚ್ಚಿತು. ಎಷ್ಟೋ ವರ್ಷ ಒಟ್ಟಿಗೆ ಕೂತು ಉಂಡವರು ನಾವು.

ಹೋದ ತಿಂಗಳು, ಚಾತುರ್ಮಾಸದ ಒಂದು ಚತುರ್ದಶಿಯಂದು, ಬಸದಿಗೆ ಹೋಗಲು ಚಂಪಕ್ಕ ನಸುಕಿನಲ್ಲೇ ಬಂದಳು. ಪೂಜೆಯ ತಟ್ಟೆಗೆ ಅಕ್ಕಿ ಹಾಕುತ್ತಿದ್ದೆ. ಎದೆ ಹಿಡಿಯಿತು. ಹಿಂದಿನಷ್ಟಲ್ಲ, ಆದರೆ ಅದೇ. ಇಂಥ ಎದೆಗೆ ಅದು ಆಗಾಗ ಬರುವುದೇ ಎಂದು ಡಾಕ್ಟರು ಮೊದಲೇ ಹೇಳಿದ್ದರು. ತಟ್ಟೆ ಕೆಳಗಿಟ್ಟು ಕೂತೆ, ಸೊಂಟದಿಂದ ಬಾಟಲಿ ತೆಗೆದು ಒಂದು ಗುಳಿಗೆ ಅಂಗೈಗೆ ಸುರಿದುಕೊಂಡೆ.

"ಪದ್ಮಾ!" ಚಂಪಕ್ಕನ ಧ್ವನಿ ನಡುಗಿತು. "ಇನ್ನಾ ಹೊತ್ತು ಹುಟ್ಟಿಲ್ಲ!"

ನಾನು ಅವಳನ್ನೇ ನೋಡುತ್ತಾ ಗುಳಿಗೆಯನ್ನು ನಾಲಿಗೆಯ ಕೆಳಗೆ ಇಟ್ಟೆ. ಇಟ್ಟಮೇಲೆ ಮಾತಾಡಲು ಬರುವುದಿಲ್ಲ. ಅದು ಕರಗುವ ತನಕ ಸುಮ್ಮನಿರಬೇಕು. ನನ್ನಂಥವಳಿಗೆ ಅದೇ ದೊಡ್ಡ ಶಿಕ್ಷೆ. ಚಂಪಕ್ಕ ಬಾಗಿಲಲ್ಲೇ ನಿಂತಿದ್ದಳು. ಎದೆಯ ಮೇಲಿನ ಭಾರ ನಿಧಾನವಾಗಿ ಇಳಿಯಿತು. ತಲೆ ಸ್ವಲ್ಪ ಸಿಡಿಯಿತು, ಈ ಗುಳಿಗೆಗೆ ಹಾಗಾಗುತ್ತದೆ. ಆಮೇಲೆ ಬಾಯಿ ಬಂತು.

"ಅಕ್ಕಾ, ರಾತ್ರಿ ನಾವು ಯಾಕ ಉಣ್ಣೂದಿಲ್ಲ?"

"ಯಾಕಂತ ನನಗ ಕೇಳ್ತಿಯೇನ? ಕತ್ತಲ್ಯಾಗ ಕಣ್ಣಿಗಿ ಕಾಣದ ಹುಳಾ ಹುಪ್ಪಡಿ ಬಾಯಾಗ ಹೋಗಿ ಸಾಯ್ತಾವ. ಜೀವಹಿಂಸಾ ಆಗಬಾರದಂತ."

"ಹುಳದ ಜೀವಾ ಉಳೀಬೇಕಂತ ಇಪ್ಪತ್ತ ಮೂರು ವರ್ಷ ಬಾಯಿ ಕಟ್ಟೇನಿ, ಇನ್ನ ಮುಂದನೂ ಕಟ್ಟತೇನಿ. ನನ್ನೂ ಒಂದು ಹುಳಾ ಅಂತ ತಿಳಕೋರಿ ಅಕ್ಕಾ. ಇದನ್ನೂ ಉಳಸೂಣ."

ಚಂಪಕ್ಕ ಹೊರಟುಹೋಗುತ್ತಾಳೆ ಎಂದುಕೊಂಡೆ. ಹೋಗಲಿಲ್ಲ. ಒಳಗೆ ಬಂದು, ನಾನು ಕೆಳಗಿಟ್ಟ ತಟ್ಟೆಯಲ್ಲಿ ಉಳಿದ ಅಕ್ಕಿ ತುಂಬಿದಳು. ಆಮೇಲೆ ನನ್ನ ಬಾಜೂ ಗೋಡೆಗೆ ಒರಗಿ ಕೂತು, ನನ್ನ ಬೆನ್ನ ಮೇಲೆ ಕೈ ಇಟ್ಟಳು.

"ಅವಸರ ಇಲ್ಲ," ಅಂದಳು. "ನಿನಗ ಆರಾಮ ಆದಮ್ಯಾಗ ಹೋಗೂಣು. ಇವತ್ತ ಊಟಕ್ಕೂ ನಮ್ಮ ಮನಿಗೇ ಬಾ."